ನಾನು ಒತ್ತದೆ ಪಿಟಿಟಿ ಬೀಳಬಾರದು: ಕ್ಯಾಟ್ ತಂತಿಗೊಂದು ಕೀಲಿ

ಪಿಟಿಟಿ ಅಂದರೆ ರೇಡಿಯೋವನ್ನು ಕೇಳುವುದರಿಂದ ಪ್ರಸಾರಕ್ಕೆ ತಿರುಗಿಸುವ ಗುಂಡಿ ಅಥವಾ ಆಜ್ಞೆ. ಕ್ಯಾಟ್ ಅಂದರೆ ಕಂಪ್ಯೂಟರಿನಿಂದ ರೇಡಿಯೋವನ್ನು ನಡೆಸುವ ಸಂಪರ್ಕ. ಸಮಸ್ಯೆ ಇಷ್ಟು. ನಾನು ಹತ್ತಿರ ಇಲ್ಲದಿದ್ದಾಗಲೂ ನನ್ನ ಯಾಯೆಸು ಎಫ್‌ಟಿ-817 ಹ್ಯಾಮ್ (ಹವ್ಯಾಸಿ) ರೇಡಿಯೋ ಆಗಾಗ ಪ್ರಸಾರಕ್ಕೆ ಹೋಗುತ್ತಿತ್ತು. ಇದು ಗೊತ್ತಾಗಿದ್ದು ತುಮಕೂರು ಕಡೆಯ ಹ್ಯಾಮ್ ಗೆಳೆಯರೊಬ್ಬರಿಂದ. "ಓಎಂ, ಮಧ್ಯಾಹ್ನ 40 ಮೀಟರ್ ಬ್ಯಾಂಡಿನಲ್ಲಿ ನಿಮ್ಮ ಸಿಗ್ನಲ್ ಬಂತು, ಕರೆದೆ, ಒಂದು ಉತ್ತರಾನೂ ಬಂತು, ಆಮೇಲೆ ನೀವು ಪತ್ತೆನೇ ಇಲ್ಲ" ಅಂದರು. ಆ ಹೊತ್ತಿಗೆ ನಾನು ಮೈಸೂರಿನ ಮನೆಯಲ್ಲಿ ಇರಲೇ ಇಲ್ಲ. ಲ್ಯಾಪ್‌ಟಾಪ್ ಆನ್ ಇತ್ತು, ರೇಡಿಯೋ ಮೂಲಕ ಅಕ್ಷರದಲ್ಲಿ ಮಾತಾಡುವ ಒಂದು ಡಿಜಿಟಲ್ ಚಾಟ್ ಸಾಫ್ಟ್‌ವೇರ್ ತೆರೆದಿತ್ತು, ಅದನ್ನು ಸುಮ್ನೆ ಕೇಳೋದಕ್ಕೆ ಬಿಟ್ಟಿದ್ದೆ.

ಆ ಸಾಫ್ಟ್‌ವೇರಿನ ಹೆಸರು ಇಲ್ಲಿ ಬೇಡ. ದುಡ್ಡು ಕೊಡಬೇಕಿಲ್ಲ, ಆದರೆ ಒಳಗಿನ ಕೋಡ್ ನೋಡಲು ಸಿಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬೀಕನ್ (ಆಗಾಗ ತಾನಾಗಿ ಸಿಗ್ನಲ್ ಕಳಿಸುವುದು) ಅಂತ ಒಂದು ಚೌಕ ಇದೆ, ಅದಕ್ಕೆ ಟಿಕ್ ಹಾಕಿರಲಿಲ್ಲ. ಅದರ ಕೈಪಿಡಿಯನ್ನು ಪೂರ್ತಿ ಓದಿದೆ. ತಾನಾಗಿ ಪ್ರಸಾರ ಮಾಡುತ್ತೇನೆ ಅನ್ನುವ ಮಾತು ಎಲ್ಲೂ ಇಲ್ಲ.

ಇದು ಸಣ್ಣ ವಿಷಯ ಅಲ್ಲ. ಲೈಸೆನ್ಸ್ ಇರುವುದು ನನ್ನ ಹೆಸರಿನಲ್ಲಿ, ಸಾಫ್ಟ್‌ವೇರ್ ಬರೆದವರ ಹೆಸರಿನಲ್ಲಲ್ಲ. ನನ್ನ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಹೊತ್ತು ಹೊರಗೆ ಹೋದ ಪ್ರತಿಯೊಂದು ಸಿಗ್ನಲ್‌ಗೂ ಉತ್ತರ ಕೊಡಬೇಕಾದವನು ನಾನು. ಯಾರೋ ಎರಡು ಸ್ಟೇಷನ್‌ನವರು ಮಾತಾಡುತ್ತಿರುವಾಗ ಮಧ್ಯೆ ಹೋಗಿ ಬಿದ್ದರೆ ಬೈಸಿಕೊಳ್ಳುವುದು ನನ್ನ ಕಾಲ್‌ಸೈನ್. ಹಾಗಾಗಿ ಎರಡು ಕೆಲಸ ಹಿಡಿದೆ. ಒಂದು, ಯಾರು ಯಾವಾಗ ಪಿಟಿಟಿ ಒತ್ತುತ್ತಿದ್ದಾರೆ ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವುದು. ಎರಡು, ಕೈಯಲ್ಲಿ ಕೀಲಿ ತಿರುಗಿಸದೆ ಪ್ರಸಾರ ಆಗದ ಹಾಗೆ ಮಾಡುವುದು.

ಖರ್ಚು, ಎಲ್ಲ ಎಸ್‌.ಪಿ. ರಸ್ತೆಯ ಅಂಗಡಿಗಳ ಬೆಲೆ: ಆರ್ಡ್ವಿನೋ ನ್ಯಾನೋ (ಸಣ್ಣ ಮೈಕ್ರೋಕಂಟ್ರೋಲರ್ ಬೋರ್ಡ್) ನಕಲು 250 ರೂ., ಕೀಲಿ ಸ್ವಿಚ್ 90, 1 ಕಿಲೋ ಓಮ್ 2 ವ್ಯಾಟಿನ ರೆಸಿಸ್ಟರ್ 20ಕ್ಕೆ 80, 8 ಪಿನ್ ಮಿನಿ ಡಿನ್ ಕೇಬಲ್ 150, ಪ್ಲಾಸ್ಟಿಕ್ ಡಬ್ಬಿ 120, ಎರಡು ಫೆರೈಟ್ ಕ್ಲಿಪ್ 60, ಎಲ್‌ಇಡಿ, ಒತ್ತು ಬಟನ್, ಕೆಪಾಸಿಟರ್ ಚಿಲ್ಲರೆ 30. ಒಟ್ಟು 780. ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್, ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ರೇಡಿಯೋ ರಿಸೀವರ್) ಮೊದಲೇ ಇದ್ದವು.

ಹಂತ 1: ಡಮ್ಮಿ ಲೋಡ್

ಡಮ್ಮಿ ಲೋಡ್ ಅಂದರೆ ಆಂಟೆನಾ ಬದಲು ಹಾಕುವ, ಪ್ರಸಾರದ ಶಕ್ತಿಯನ್ನು ಶಾಖ ಮಾಡಿ ನುಂಗುವ ರೆಸಿಸ್ಟರ್. ಇದನ್ನು ಮಾಡದೆ ಮುಂದಕ್ಕೆ ಹೋಗಲೇಬಾರದು. ಆಂಟೆನಾ ಹಾಕಿಕೊಂಡು ಇಂಥ ಪರೀಕ್ಷೆ ಮಾಡಿದರೆ ತೊಂದರೆಯನ್ನು ನಾವೇ ಬ್ಯಾಂಡಿಗೆ ಹರಡಿದ ಹಾಗೆ. 1 ಕಿಲೋ ಓಮಿನ 20 ರೆಸಿಸ್ಟರ್‌ಗಳನ್ನು ಸಮಾನಾಂತರವಾಗಿ ಎರಡು ತಾಮ್ರದ ಹಾಳೆಗಳ ನಡುವೆ ಬೆಸೆದರೆ 50 ಓಮ್ ಸಿಗುತ್ತದೆ, 40 ವ್ಯಾಟಿನವರೆಗೆ ತಡೆಯುತ್ತದೆ. 817 ಕೊಡುವುದು 5 ವ್ಯಾಟ್, ಧಾರಾಳವಾಯಿತು. ತಂತಿ ಸುತ್ತಿದ ರೆಸಿಸ್ಟರ್ ಮಾತ್ರ ಬೇಡ, ಅದು ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್ ಫ್ರೀಕ್ವೆನ್ಸಿಗಳಲ್ಲಿ) ಕಾಯಿಲ್ ಆಗಿಬಿಡುತ್ತದೆ. ಮೀಟರಿನಲ್ಲಿ 49.6 ಬಂತು.

ಒಂದು ಮಾರು ದೂರದಲ್ಲಿ ಎಸ್‌ಡಿಆರ್ ಡಾಂಗಲ್‌ಗೆ ಗೇಣುದ್ದ ತಂತಿ ಸಿಕ್ಕಿಸಿ ಇಟ್ಟೆ. ಡಮ್ಮಿ ಲೋಡಿನಿಂದ ಸೋರುವಷ್ಟೇ ಅದಕ್ಕೆ ಬೇಕಾದಷ್ಟು. ಲ್ಯಾಪ್‌ಟಾಪ್ ಏನೇ ಹೇಳಲಿ, ಪ್ರಸಾರ ಆಯಿತೋ ಇಲ್ಲವೋ ಅನ್ನುವುದಕ್ಕೆ ಇದೇ ಸಾಕ್ಷಿ.

ಹಂತ 2: ಆಡಿಯೋ ಕಡೆ ಅನುಮಾನ (ಕೆಲಸಕ್ಕೆ ಬರಲಿಲ್ಲ)

ಮೊದಲ ಅನುಮಾನ ವಾಕ್ಸ್ ಮೇಲೆ. ಶಬ್ದ ಬಂದ ತಕ್ಷಣ ತಾನೇ ಪ್ರಸಾರಕ್ಕೆ ಹೋಗುವ ಇಂಟರ್‌ಫೇಸ್‌ಗಳಲ್ಲಿ ವಿಂಡೋಸ್‌ನ "ಟಿಣ್" ಸದ್ದೂ ಗಾಳಿಗೆ ಹೋಗುತ್ತದೆ, ಅದು ಹ್ಯಾಮ್‌ಗಳಿಗೆಲ್ಲ ಗೊತ್ತಿರುವ ಹಳೇ ಕಾಟ. ವಿಂಡೋಸ್ ಸದ್ದುಗಳನ್ನೆಲ್ಲ ನಿಲ್ಲಿಸಿದೆ, ರೇಡಿಯೋದ ವಾಕ್ಸ್ ಆಫ್ ಇದೆಯಾ ನೋಡಿದೆ, ಆಡಿಯೋ ಕೇಬಲನ್ನೇ ಕಿತ್ತಿಟ್ಟೆ. ಆದರೂ ಸ್ವಲ್ಪ ಹೊತ್ತಿಗೆ ರೇಡಿಯೋದ ಕೆಂಪು ದೀಪ ಹೊತ್ತಿಕೊಂಡಿತು. ಆಡಿಯೋ ಇಲ್ಲದ್ದರಿಂದ ಎಸ್‌ಎಸ್‌ಬಿಯಲ್ಲಿ (ಆಡಿಯೋ ಇದ್ದರೆ ಮಾತ್ರ ಸಿಗ್ನಲ್ ಹೊರಡುವ ಪ್ರಸಾರ ವಿಧಾನ) ಏನೂ ಹೊರಗೆ ಬರಲಿಲ್ಲ, ಆದರೆ ರೇಡಿಯೋ ಪ್ರಸಾರಕ್ಕಂತೂ ಹೋಗಿತ್ತು. ಅಂದರೆ ತಪ್ಪು ವಾಕ್ಸ್‌ನದಲ್ಲ.

ಹಂತ 3: ಪಿಟಿಟಿ ತಂತಿಗೆ ಸ್ವಿಚ್ (ಇದೂ ಕೆಲಸಕ್ಕೆ ಬರಲಿಲ್ಲ)

817ರ ಹಿಂದಿನ ಡೇಟಾ ಜ್ಯಾಕ್ 6 ಪಿನ್ನಿನ ಮಿನಿ ಡಿನ್. ಅದರ 3ನೇ ಪಿನ್ ಪಿಟಿಟಿ, ಗ್ರೌಂಡಿಗೆ ಎಳೆದರೆ ಪ್ರಸಾರ. ಆ ತಂತಿಯನ್ನು ಕತ್ತರಿಸಿ ಮಧ್ಯೆ ಒಂದು ಸ್ವಿಚ್ ಹಾಕಿದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಯಾಕೆಂದರೆ ಕೈಯಿಂದ ಪರೀಕ್ಷಿಸಿದರೆ ಎಲ್ಲ ಸರಿ ಕಾಣುತ್ತದೆ. ಆಡಿಯೋ ಕೇಬಲನ್ನು ಮತ್ತೆ ಹಾಕಿ, ಸ್ವಿಚ್ ಆಫ್ ಇಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಎಸ್‌ಡಿಆರ್ ದಾಖಲೆಯಲ್ಲಿ ವಾಟರ್‌ಫಾಲ್ (ಸಿಗ್ನಲ್‌ಗಳನ್ನು ಸಮಯದ ಜೊತೆ ತೋರಿಸುವ ಚಿತ್ರ) ಮೇಲೆ ಗೆರೆಗಳು ಹಾಗೇ ಇದ್ದವು.

ಕಾರಣ ಸರಳ. ಪಿಟಿಟಿಗೆ ಎರಡು ದಾರಿ. ಒಂದು ಈ ತಂತಿ, ಇನ್ನೊಂದು ಕ್ಯಾಟ್ ಕೇಬಲಿನ ಮೂಲಕ ಹೋಗುವ ಆಜ್ಞೆ. ಫ್ರೀಕ್ವೆನ್ಸಿ ಬದಲಿಸಲು ಕ್ಯಾಟ್ ಬೇಕೇ ಬೇಕು, ಅದೇ ಕೇಬಲಿನಲ್ಲಿ ಪಿಟಿಟಿಯೂ ಹೋಗುತ್ತದೆ. ಕ್ಯಾಟ್ ಕೇಬಲ್ ಕಿತ್ತರೆ ಪ್ರಸಾರ ನಿಲ್ಲುತ್ತದೆ, ಆದರೆ ಬ್ಯಾಂಡ್ ಬದಲಿಸುವುದು, ಲಾಗಿನಲ್ಲಿ ಫ್ರೀಕ್ವೆನ್ಸಿ ತಾನಾಗಿ ಬರುವುದು ಎಲ್ಲ ಹೋಗುತ್ತದೆ. ಅದು ರಿಪೇರಿ ಅಲ್ಲ.

ಹಂತ 4: ಕ್ಯಾಟ್ ತಂತಿಗೆ ಕಿವಿ

ಇಲ್ಲಿಂದ ಕೆಲಸ ಸರಿಯಾದ ದಾರಿಗೆ ಬಂತು. 817ರ ಕ್ಯಾಟ್ 5 ವೋಲ್ಟ್ ಟಿಟಿಎಲ್ ಮಟ್ಟದ್ದು. ಪ್ಲಗ್ಗಿನ ಹುಡ್ ಬಿಚ್ಚಿ, ಲ್ಯಾಪ್‌ಟಾಪಿನಿಂದ ರೇಡಿಯೋಗೆ ಹೋಗುವ ತಂತಿಗೆ ಕೂದಲಿನಷ್ಟು ತೆಳ್ಳಗಿನ ಎನಾಮಲ್ ತಂತಿ ಬೆಸೆದೆ. ಅದನ್ನು ಪೈಗೆ ಸಿಕ್ಕಿಸಿದ ಸೀರಿಯಲ್ ಅಡಾಪ್ಟರಿನ ಆರ್‌ಎಕ್ಸ್ ಪಿನ್ನಿಗೆ ಕೊಟ್ಟೆ, ಗ್ರೌಂಡ್ ಕೂಡಿಸಿದೆ. ಅಡಾಪ್ಟರಿನ ಟಿಎಕ್ಸ್ ಪಿನ್ ಖಾಲಿ. ಇದು ಕೇಳುತ್ತದೆ ಅಷ್ಟೇ, ಮಾತಾಡುವುದಿಲ್ಲ. ಒಂದು ಎಚ್ಚರಿಕೆ: ಕ್ಯಾಟ್ ಕೇಬಲ್ ಸಿಕ್ಕಿಸುವ 817ರ ಎಸಿಸಿ ಜ್ಯಾಕಿನ ಒಂದು ಪಿನ್ನಿನಲ್ಲಿ ಸಪ್ಲೈ ವೋಲ್ಟೇಜೇ ಇರುತ್ತದೆ. ಮೀಟರ್ ಹಿಡಿದು ಗುರುತು ಹಾಕಿಕೊಳ್ಳದೆ ಯಾವುದಕ್ಕೂ ಬೆಸುಗೆ ಹಾಕಬೇಡಿ.

ಈ ರೇಡಿಯೋದ ಆಜ್ಞೆಗಳು ಓದಲು ಸುಲಭ. ಪ್ರತಿಯೊಂದೂ 5 ಬೈಟ್, ಕೊನೆಯ ಬೈಟೇ ಏನು ಮಾಡಬೇಕು ಅನ್ನುವುದು. 03 ಅಂದರೆ ಈಗಿನ ಫ್ರೀಕ್ವೆನ್ಸಿ ಹೇಳು, 01 ಅಂದರೆ ಫ್ರೀಕ್ವೆನ್ಸಿ ಬದಲಿಸು, 08 ಅಂದರೆ ಪಿಟಿಟಿ ಒತ್ತು, 88 ಅಂದರೆ ಬಿಡು. ಪರದೆಯ ಮೇಲೆ ಹೀಗೆ ಬರುತ್ತಿತ್ತು:

00 00 00 00 03
00 00 00 00 03
00 00 00 00 03
00 00 00 00 08

ಆ ನಾಲ್ಕನೇ ಸಾಲು ಬಂದಾಗ ನಾನು ಮೇಜಿನ ಮುಂದೆ ಕೈಕಟ್ಟಿ ಕೂತಿದ್ದೆ. ಮೌಸ್ ಮುಟ್ಟಿರಲಿಲ್ಲ.

08 ಕಂಡಾಗಲೆಲ್ಲ ಸಮಯ ಬರೆದಿಡುವ ಪೈಥಾನ್ ಸ್ಕ್ರಿಪ್ಟ್ ಬರೆದೆ. ಅದರ ಮೊದಲ ಆವೃತ್ತಿ ಇಲ್ಲದ ಪ್ರಸಾರಗಳನ್ನೂ ಎಣಿಸಿತು, ಯಾಕೆಂದರೆ 08 ಎಲ್ಲಿ ಕಂಡರೂ ಹಿಡಿಯುತ್ತಿತ್ತು. 7.108 ಮೆಗಾಹರ್ಟ್ಸ್‌ಗೆ ಹೋಗು ಅನ್ನುವ ಆಜ್ಞೆಯೇ 00 71 08 00 01, ಅದರ ಹೊಟ್ಟೆಯಲ್ಲೇ ಒಂದು 08 ಇದೆ. ಐದೈದು ಬೈಟ್ ಗುಂಪು ಮಾಡಿ ಕೊನೆಯದನ್ನು ಮಾತ್ರ ನೋಡಬೇಕು. ಗುಂಪು ಎಲ್ಲಿ ಶುರು ಅಂತ ತಿಳಿಯಲು, 200 ಮಿಲಿಸೆಕೆಂಡ್‌ಗಿಂತ ಜಾಸ್ತಿ ಮೌನ ಇದ್ದರೆ ಹೊಸ ಆಜ್ಞೆ ಅಂತ ಲೆಕ್ಕ ಹಿಡಿದೆ. ಆಮೇಲೆ ಸ್ಕ್ರಿಪ್ಟಿನ ಪಟ್ಟಿಯೂ ಎಸ್‌ಡಿಆರ್ ಗೆರೆಗಳೂ ಒಂದಕ್ಕೊಂದು ಸರಿಯಾಗಿ ಕೂತವು.

ತಿಳಿದದ್ದು ಏನು? ಬೀಕನ್ ಚೌಕ ಖಾಲಿ ಇದ್ದರೂ, ಯಾರೂ ಏನೂ ಮುಟ್ಟದೆ 10 ನಿಮಿಷ ಆದರೆ ಅದು ಒಂದು ಸಲ ಪ್ರಸಾರ ಮಾಡುತ್ತದೆ. ನನ್ನ ಕಾಲ್‌ಸೈನ್ ಹಾಕಿ ಯಾರಾದರೂ ಕರೆದರೆ ನನ್ನನ್ನು ಕೇಳದೆ ಉತ್ತರ ಕೊಡುತ್ತದೆ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಅದೇ ಸಾಫ್ಟ್‌ವೇರ್ ಹಾಕಿ, ಡಾಂಗಲಿನ ಆಡಿಯೋ ಕೊಟ್ಟು ಓದಿಸಿದೆ. ಹೊರಗೆ ಹೋಗುತ್ತಿದ್ದದ್ದು ಕಾಲ್‌ಸೈನ್, ಎಂಕೆ82 ಅನ್ನುವ ನನ್ನ ಗ್ರಿಡ್ (ನಾನಿರುವ ಜಾಗದ ಸಂಕೇತ), ಜೊತೆಗೆ ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ. ಅಂದರೆ ನನ್ನ ಲೈಸೆನ್ಸಿನಲ್ಲಿ, ನನ್ನ ಬ್ಯಾಟರಿಯಲ್ಲಿ, ಆ ಸಾಫ್ಟ್‌ವೇರ್ ತನ್ನ ಆವೃತ್ತಿಯನ್ನು ಸಾರುತ್ತಿತ್ತು. ಇದು ನನಗೆ ತುಂಬಾ ಬೇಸರ ತಂದ ಸಂಗತಿ.

ಹಂತ 5: ನೆಟ್ ಕಡೆಗೂ ಒಂದು ನೋಟ

ಗಾಳಿಯಲ್ಲೇ ಹೀಗಿದ್ದರೆ ಇಂಟರ್ನೆಟ್ಟಿನಲ್ಲಿ ಏನು ನಡೆಯುತ್ತಿದೆ ಅಂತ ನೋಡಲೇಬೇಕಲ್ವಾ. ಪೈಯನ್ನು ವೈಫೈ ಹಾಟ್‌ಸ್ಪಾಟ್ ಮಾಡಿ, ಲ್ಯಾಪ್‌ಟಾಪನ್ನು ಅದರ ಮೂಲಕವೇ ನೆಟ್ಟಿಗೆ ಬಿಟ್ಟು, ನೆಟ್ಟಿನಲ್ಲಿ ಹೋಗಿಬರುವ ಪ್ಯಾಕೆಟ್‌ಗಳನ್ನು ದಾಖಲಿಸುವ ಟಿಸಿಪಿಡಂಪ್ ಓಡಿಸಿದೆ. ವಿಂಡೋಸ್ ಅಪ್‌ಡೇಟಿನ ಗಲಾಟೆ ಮಧ್ಯೆ ಏನೂ ಕಾಣುವುದಿಲ್ಲ, ಆದ್ದರಿಂದ ಮೊದಲು ಸಾಫ್ಟ್‌ವೇರ್ ಮುಚ್ಚಿಟ್ಟು ಒಂದು ದಾಖಲೆ, ತೆರೆದು ಒಂದು ದಾಖಲೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಹೋಲಿಕೆಗೆ ಮೊದಲು ಡಬ್ಲ್ಯುಎಸ್‌ಜೆಟಿ-ಎಕ್ಸ್ ಅನ್ನುವ ಇನ್ನೊಂದು ಹ್ಯಾಮ್ ಡಿಜಿಟಲ್ ಸಾಫ್ಟ್‌ವೇರ್ ಹಾಕಿದೆ. ಅದರ ಸೆಟ್ಟಿಂಗ್ಸ್‌ನ ರಿಪೋರ್ಟಿಂಗ್ ಪುಟದಲ್ಲಿ ಪಿಎಸ್‌ಕೆ ರಿಪೋರ್ಟರ್‌ಗೆ (ಯಾರು ಯಾರನ್ನು ಕೇಳಿದರು ಅಂತ ತೋರಿಸುವ ಜಾಲತಾಣ) ಒಂದು ಚೌಕ ಇದೆ. ಟಿಕ್ ಹಾಕಿದರೆ ಕೇಳಿದ ಕಾಲ್‌ಸೈನ್‌ಗಳ ಪಟ್ಟಿ 4739ನೇ ಪೋರ್ಟಿಗೆ ಹೋಗುತ್ತದೆ, ಪ್ಯಾಕೆಟ್ ತೆರೆದರೆ ಕಾಲ್‌ಸೈನ್‌ಗಳು ಬರಿಗಣ್ಣಿಗೇ ಕಾಣುತ್ತವೆ. ಟಿಕ್ ತೆಗೆದರೆ ನಿಲ್ಲುತ್ತದೆ. ಲಾಗಿಂಗ್ ಸಾಫ್ಟ್‌ವೇರುಗಳಿಗಾಗಿ ಅದು 2237ನೇ ಪೋರ್ಟಿಗೆ ಕಳಿಸುವ ಮಾಹಿತಿ ಅದೇ ಕಂಪ್ಯೂಟರಿನೊಳಗೇ ಸುತ್ತುತ್ತದೆ, ಹೊರಗೆ ಬರುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ, ಮಾಡುವುದನ್ನು ಹೇಳುತ್ತದೆ. ನನಗೆ ಬೇಕಿರುವುದು ಇಷ್ಟೇ.

ಚಾಟ್ ಸಾಫ್ಟ್‌ವೇರ್ ಬೇರೆ ಥರ. ರೇಡಿಯೋದ ಡಯಲ್ ತಿರುಗಿಸಿ ಬ್ಯಾಂಡ್ ಬದಲಿಸಿದ ಕೆಲವೇ ಸೆಕೆಂಡಿಗೆ ಒಂದು ಪ್ಯಾಕೆಟ್ ಹೊರಗೆ. ಮತ್ತೆ ತಿರುಗಿಸಿದೆ, ಮತ್ತೆ ಒಂದು. ಒಳಗಿನದು ಎನ್‌ಕ್ರಿಪ್ಟ್ ಆಗಿದೆ, ಹಾಗಾಗಿ ಏನು ಹೋಯಿತು ಅಂತ ಹೇಳಲಾರೆ. ಡಯಲ್‌ಗೂ ಅದಕ್ಕೂ ಇರುವ ನಂಟು ಮಾತ್ರ ಸ್ಪಷ್ಟ. ವಿಂಡೋಸ್ ಫೈರ್‌ವಾಲಿನಲ್ಲಿ ಆ ಪ್ರೋಗ್ರಾಮಿಗೆ ಹೊರಹೋಗುವ ದಾರಿ ಮುಚ್ಚಿದೆ. ಚಾಟ್ ಎಂದಿನಂತೆ ನಡೆಯಿತು. ತಾನಾಗಿ ಮಾಡುವ ಪ್ರಸಾರವೂ ಎಂದಿನಂತೆ ನಡೆಯಿತು, ಅದಕ್ಕೆ ನೆಟ್ ಬೇಕಿಲ್ಲ.

ಕಾಲ್‌ಸೈನ್ ಸರ್ವರಿಗೆ ಹೋದರೆ ಏನಾಗುತ್ತೆ ಬಿಡಿ ಅನ್ನುವವರು 2016ರ ಡಿಸೆಂಬರನ್ನು ನೆನಪಿಸಿಕೊಳ್ಳಬೇಕು. ಹ್ಯಾಮ್ ರೇಡಿಯೋ ಡಿಲಕ್ಸ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಕೆಟ್ಟ ವಿಮರ್ಶೆ ಬರೆದ ಗ್ರಾಹಕರೊಬ್ಬರ ಪ್ರತಿ ಅವರ ಕಾಲ್‌ಸೈನ್ ಆಧಾರದ ಮೇಲೆ ಕೆಲಸ ಮಾಡದ ಹಾಗಾಯಿತು, ದೊಡ್ಡ ಗದ್ದಲ ಆದ ಮೇಲೆ ಕಂಪನಿಯವರು ಕ್ಷಮೆ ಕೇಳಿದರು. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಅದು. ಸಾಫ್ಟ್‌ವೇರ್ ಯಾರ ಜೊತೆ ಮಾತಾಡುತ್ತದೆ ಅನ್ನುವುದು ಮುಂಚೆಯೇ ಗೊತ್ತಿರಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಂತ 6: ಮಧ್ಯೆ ನ್ಯಾನೋ

ಯೋಚನೆ ಇದು. ಲ್ಯಾಪ್‌ಟಾಪಿಗೂ ರೇಡಿಯೋಗೂ ಮಧ್ಯೆ ಆರ್ಡ್ವಿನೋ ನ್ಯಾನೋ ಕೂರಿಸುವುದು. ನ್ಯಾನೋದ ಯುಎಸ್‌ಬಿಯೇ ಲ್ಯಾಪ್‌ಟಾಪಿಗೆ ಕಾಮ್ ಪೋರ್ಟ್. ಎರಡು ಪಿನ್ನುಗಳಲ್ಲಿ ಸಾಫ್ಟ್‌ವೇರ್ ಸೀರಿಯಲ್ (ಕೋಡಿನಿಂದಲೇ ಸೀರಿಯಲ್ ಪೋರ್ಟ್ ಮಾಡುವ ಲೈಬ್ರರಿ), ಅದು ರೇಡಿಯೋ ಕಡೆಗೆ. ಐದು ಬೈಟ್ ಕೂಡಿಸಿ ಕೊನೆಯದನ್ನು ನೋಡುತ್ತದೆ. 08 ಅಲ್ಲದಿದ್ದರೆ ಹಾಗೇ ಮುಂದಕ್ಕೆ ಕಳಿಸುತ್ತದೆ. 08 ಆಗಿದ್ದು ಕೀಲಿ ಆನ್ ಇದ್ದರೆ ಕಳಿಸುತ್ತದೆ. ಕೀಲಿ ಆಫ್ ಇದ್ದರೆ ಕಳಿಸುವುದಿಲ್ಲ, ಬದಲಿಗೆ ಕೆಂಪು ದೀಪ ಹೊತ್ತಿಸುತ್ತದೆ. ಆ ದೀಪ ನಾನು ಬಟನ್ ಒತ್ತುವವರೆಗೆ ಆರುವುದಿಲ್ಲ. ಸಂಜೆ ಬಂದು ನೋಡಿದಾಗ ಅದು ಹೊತ್ತಿದ್ದರೆ, ನಾನಿಲ್ಲದಾಗ ಯಾರೋ ಪಿಟಿಟಿ ಕೇಳಿದ್ದಾರೆ ಅಂತ ಅರ್ಥ.

ಬರೆದಷ್ಟು ಸಲೀಸಾಗಿ ಆಗಲಿಲ್ಲ.

ಮೊದಲ ತೊಂದರೆ, ಲ್ಯಾಪ್‌ಟಾಪಿನಲ್ಲಿ ಪೋರ್ಟ್ ತೆರೆದ ಕೂಡಲೇ ನ್ಯಾನೋ ರೀಸೆಟ್ ಆಗುತ್ತದೆ. ಡಿಟಿಆರ್ ಗೆರೆಯಿಂದ ಹಾಗೆ, ಪ್ರೋಗ್ರಾಂ ತುಂಬಲು ಅನುಕೂಲವಾಗಲಿ ಅಂತ ಮಾಡಿರುವುದು. ಆ ಒಂದೆರಡು ಸೆಕೆಂಡಿನ ಆಜ್ಞೆಗಳು ಕಳೆದುಹೋಗಿ ಕ್ಯಾಟ್ ಎರರ್ ಬರುತ್ತದೆ. ರೀಸೆಟ್ ಪಿನ್ನಿಗೂ ಗ್ರೌಂಡಿಗೂ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಕೋಡ್ ತುಂಬುವಾಗ ಮಾತ್ರ ಅದನ್ನು ತೆಗೆಯಬೇಕು, ಅದಕ್ಕೆ ಒಂದು ಜಂಪರ್ ಇಟ್ಟೆ.

ಎರಡನೆಯದು, ವೇಗ. 38400ರಲ್ಲಿ ಸಾಫ್ಟ್‌ವೇರ್ ಸೀರಿಯಲ್ ಆಗಾಗ ಬೈಟ್ ನುಂಗುತ್ತಿತ್ತು. ರೇಡಿಯೋದ ಮೆನುವಿನಲ್ಲಿ ಕ್ಯಾಟ್ ರೇಟ್ 4800 ಮಾಡಿದೆ. ಈ ರೇಡಿಯೋ ಕೇಳುವುದು ಎರಡು ಸ್ಟಾಪ್ ಬಿಟ್, ಆ ಲೈಬ್ರರಿ ಕೊಡುವುದು ಒಂದು. ಪ್ರತಿ ಬೈಟ್ ಆದ ಮೇಲೆ 1 ಮಿಲಿಸೆಕೆಂಡ್ ಬಿಡುವು ಕೊಟ್ಟೆ, ಸರಿಹೋಯಿತು. ಒಂದು ಆಜ್ಞೆಗೆ ಹಿಡಿಯುವ ಹೊತ್ತು 20 ಮಿಲಿಸೆಕೆಂಡಿನೊಳಗೇ ಮುಗಿಯುತ್ತದೆ, ಎಫ್‌ಟಿ8 ಅನ್ನುವ ಡಿಜಿಟಲ್ ಪ್ರಸಾರ ವಿಧಾನಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಮೂರನೆಯದೇ ಜಾಸ್ತಿ ಕಾಡಿದ್ದು. ಕೀಲಿ ಆಫ್ ಇದ್ದಾಗ 08 ತಡೆದರೆ ಸಾಫ್ಟ್‌ವೇರ್ ಉತ್ತರಕ್ಕೆ ಕಾದು, ಬರದಿದ್ದಾಗ ಸಂಪರ್ಕವನ್ನೇ ಕಡಿದುಕೊಳ್ಳುತ್ತಿತ್ತು. ಎಫ್‌ಟಿ-817 ಪಿಟಿಟಿ ಆಜ್ಞೆಗೆ 00 ಅಂತ ಒಂದು ಬೈಟ್ ಮರಳಿಸುತ್ತದೆ, ಸಾಫ್ಟ್‌ವೇರ್ ಅದಕ್ಕೆ ಕಾಯುತ್ತದೆ. ಹಾಗಾಗಿ ತಡೆದಾಗ ನ್ಯಾನೋನೇ ಆ 00 ಕಳಿಸುವ ಹಾಗೆ ಮಾಡಬೇಕಾಯಿತು. ರೇಡಿಯೋ ಹೇಳಬೇಕಾದ ಮಾತನ್ನು ನ್ಯಾನೋ ಹೇಳುವುದು ನನಗೆ ಅಷ್ಟು ಇಷ್ಟವಿಲ್ಲ. ಆದರೆ ಬೇರೆ ದಾರಿ ಸಿಗಲಿಲ್ಲ. ಸಾಫ್ಟ್‌ವೇರ್ ಪ್ರಸಾರ ಆಯಿತು ಅಂದುಕೊಂಡು ಆಡಿಯೋ ಬಿಡುತ್ತದೆ, ರೇಡಿಯೋ ಕೇಳುತ್ತಲೇ ಇರುತ್ತದೆ, ಯಾರಿಗೂ ತೊಂದರೆ ಇಲ್ಲ.

ಕೋಡಿನಲ್ಲಿ ಮರೆಯಬಾರದ ಎರಡು ವಿಷಯ. ಪ್ರಸಾರ ನಡೆಯುವಾಗಲೇ ಕೀಲಿ ಆಫ್ ಮಾಡಿದರೆ ನ್ಯಾನೋ ತಾನೇ 88 ಕಳಿಸಬೇಕು, ಇಲ್ಲದಿದ್ದರೆ ಪಿಟಿಟಿ ಹಾಗೇ ಹಿಡಿದುಕೊಂಡಿರುತ್ತದೆ. 08 ಹೋದ ಮೇಲೆ 20 ಸೆಕೆಂಡಿನೊಳಗೆ 88 ಬರದಿದ್ದರೂ ಹಾಗೇ ಮಾಡಬೇಕು, ಲ್ಯಾಪ್‌ಟಾಪ್ ಹ್ಯಾಂಗ್ ಆದಾಗ ರೇಡಿಯೋ ಸುಡದೆ ಉಳಿಯುವುದು ಇದರಿಂದ. ಎಫ್‌ಟಿ8ರ ಒಂದು ಪ್ರಸಾರ 12.64 ಸೆಕೆಂಡ್, 20 ಸಾಕು. ಡಬ್ಲ್ಯುಎಸ್‌ಪಿಆರ್ ಅನ್ನುವ ನಿಧಾನದ ವಿಧಾನ ಬಳಸುವವರಿಗೆ ಸಾಲದು, ಅದರ ಪ್ರಸಾರವೇ 110.6 ಸೆಕೆಂಡ್, 115 ಇಟ್ಟುಕೊಳ್ಳಿ.

ಡೇಟಾ ಜ್ಯಾಕಿನ ಪಿಟಿಟಿ ತಂತಿಯನ್ನು ಈಗ ಪೂರ್ತಿ ತೆಗೆದಿದ್ದೇನೆ. ದಾರಿ ಒಂದೇ ಇರಲಿ.

ಹಂತ 7: ಆಂಟೆನಾ ಹಾಕಿದ ಮೇಲೆ

ಡಮ್ಮಿ ಲೋಡಿನಲ್ಲಿ ಸರಿ ಇದ್ದದ್ದು ಆಂಟೆನಾಗೆ ಬಂದ ಕೂಡಲೇ 20 ಮೀಟರ್ ಬ್ಯಾಂಡಿನಲ್ಲಿ ಕೈಕೊಟ್ಟಿತು. ಪ್ರಸಾರ ಶುರುವಾದರೆ ನ್ಯಾನೋ ಸ್ತಬ್ಧ. ಕೇಬಲಿನ ಮೇಲೆ ಆರ್‌ಎಫ್ (ನಮ್ಮದೇ ಪ್ರಸಾರದ ರೇಡಿಯೋ ಕರೆಂಟ್) ಬರುತ್ತಿತ್ತು. ಕ್ಯಾಟ್ ಕೇಬಲಿಗೂ ಯುಎಸ್‌ಬಿ ಕೇಬಲಿಗೂ ಒಂದೊಂದು ಫೆರೈಟ್ ಕ್ಲಿಪ್ ಹಾಕಿ, ಒಳಗೆ ಮೂರು ಸುತ್ತು ಸುತ್ತಿದೆ. ಒಂದೇ ಸುತ್ತು ಸಾಲಲಿಲ್ಲ. ನ್ಯಾನೋದ ವಾಚ್‌ಡಾಗ್ ಟೈಮರನ್ನೂ ಆನ್ ಮಾಡಿದೆ. ಸ್ತಬ್ಧವಾದರೆ ತಾನೇ ಮತ್ತೆ ಶುರುವಾಗುತ್ತದೆ, ಶುರುವಾದ ತಕ್ಷಣ ಮಾಡುವ ಮೊದಲ ಕೆಲಸ 88 ಕಳಿಸುವುದು.

ಹಂತ 8: ಬೇರೆ ಸಾಫ್ಟ್‌ವೇರುಗಳನ್ನೂ ಕೂರಿಸಿ ನೋಡಿದೆ

ಕೀಲಿ ಆಫ್, ದೀಪದ ಮೇಲೆ ಕಣ್ಣು. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ಎನೇಬಲ್ ಟಿಎಕ್ಸ್ (ಪ್ರಸಾರಕ್ಕೆ ಅನುಮತಿ) ಬಟನ್ ಒತ್ತದೆ ರಾತ್ರಿಯಿಡೀ ಬಿಟ್ಟರೂ ಒಂದೂ 08 ಬರಲಿಲ್ಲ. ಒತ್ತಿದ ಮೇಲೆ ಸಂಭಾಷಣೆಯ ಸರದಿಯನ್ನು ಅದು ತಾನೇ ನಡೆಸುತ್ತದೆ ನಿಜ, ಆದರೆ ಅದು ತೆರೆದಿಟ್ಟ ವಿಷಯ, ಕೈಪಿಡಿಯಲ್ಲಿದೆ. ಮೇಲಾಗಿ ಯಾರೂ ಮುಟ್ಟದಿದ್ದರೆ ನಿಲ್ಲಿಸುವ ವಾಚ್‌ಡಾಗ್ ಇದೆ, ಅದರ ಮೊದಲ ಅಳತೆ 6 ನಿಮಿಷ.

ಜೆಎಸ್8ಕಾಲ್ ಅನ್ನುವ ಇನ್ನೊಂದು ಚಾಟ್ ಸಾಫ್ಟ್‌ವೇರ್ ತಾನಾಗಿ ಉತ್ತರ ಕೊಡುತ್ತದೆ. ಎಸ್‌ಎನ್‌ಆರ್ (ಗದ್ದಲದ ಮುಂದೆ ಸಿಗ್ನಲಿನ ಬಲ) ಎಷ್ಟು ಅಂತ ಯಾರಾದರೂ ಕೇಳಿದರೆ ಹೇಳುತ್ತದೆ, ಹಾರ್ಟ್‌ಬೀಟ್ (ನಾನಿದ್ದೇನೆ ಅನ್ನುವ ಸಣ್ಣ ಸಂದೇಶ) ಕಳಿಸುತ್ತದೆ. ಆದರೆ ಆಟೋ ಅನ್ನುವ ಬಟನ್ ಪರದೆಯ ಮೇಲೆಯೇ ಇದೆ, ಆಫ್ ಮಾಡಿದರೆ ಆಫ್. ತಾನಾಗಿ ನಡೆಯುವುದರ ಮೇಲೆ ನನಗೆ ಸಿಟ್ಟಿಲ್ಲ. ಬಚ್ಚಿಟ್ಟುಕೊಂಡು ನಡೆಯುವುದರ ಮೇಲೆ ಇದೆ.

ಚಾಟ್ ಸಾಫ್ಟ್‌ವೇರ್ ಬರೆದವರಿಗೆ ಸ್ಕ್ರಿಪ್ಟಿನ ಪಟ್ಟಿ, ವಾಟರ್‌ಫಾಲ್ ಚಿತ್ರ ಎರಡನ್ನೂ ಕಳಿಸಿದೆ. ಉತ್ತರ ಬೇಗ ಬಂತು, ಮರ್ಯಾದೆಯಾಗಿಯೇ ಬರೆದಿದ್ದರು. ಯಾರ್ಯಾರು ಎಲ್ಲಿದ್ದಾರೆ ಅಂತ ಎಲ್ಲರಿಗೂ ಕಾಣಲಿ ಅಂತ ಹಾಗೆ ಮಾಡಿದ್ದು, ಮುಂದಿನ ಆವೃತ್ತಿಯಲ್ಲಿ ಆಫ್ ಮಾಡುವ ಚೌಕ ಕೊಡುತ್ತೇವೆ ಅಂದರು. ಅವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದನ್ನು ಹಾಕುವ ಮೊದಲು ನನ್ನನ್ನು ಕೇಳಬೇಕಿತ್ತು. ಆ ಆವೃತ್ತಿ ಇನ್ನೂ ಬಂದಿಲ್ಲ.

ಬಾಕಿ ಇರುವುದು

ಈ ಡಬ್ಬಿ 5 ಬೈಟಿನ ಯಾಯೆಸು ಆಜ್ಞೆಗಳಿಗೆ ಮಾತ್ರ. ತುಮಕೂರಿನ ಗೆಳೆಯರ ಹತ್ತಿರ ಇರುವುದು ಐಕಾಮ್ ಐಸಿ-7300. ಅದರಲ್ಲಿ ಕ್ಯಾಟ್, ಆಡಿಯೋ ಎರಡೂ ಒಂದೇ ಯುಎಸ್‌ಬಿ ಕೇಬಲಿನಲ್ಲಿ ಹೋಗುತ್ತವೆ, ಮಧ್ಯೆ ನ್ಯಾನೋ ಕೂರಿಸಲು ಜಾಗವಿಲ್ಲ. ಅವರಿಗೆ ಹ್ಯಾಮ್‌ಲಿಬ್ (ರೇಡಿಯೋಗಳನ್ನು ನಿಯಂತ್ರಿಸುವ ಲೈಬ್ರರಿ) ಕೊಡುವ ರಿಗ್ ಕಂಟ್ರೋಲ್ ಸರ್ವರನ್ನು ಪೈ ಮೇಲೆ ಓಡಿಸಿ, ಪಿಟಿಟಿ ಟೈಪ್ NONE (ಯಾವುದೂ ಇಲ್ಲ) ಅಂತ ಕೊಟ್ಟು, ಪಿಟಿಟಿಯನ್ನು ಕೀಲಿ ಇರುವ ಬೇರೆ ತಂತಿಯಿಂದ ಕೊಡುವ ಯೋಚನೆ ಇದೆ. 4532ನೇ ಪೋರ್ಟಿನಲ್ಲಿ ಅದು ಫ್ರೀಕ್ವೆನ್ಸಿ ಕೇಳಿದರೆ ಹೇಳುತ್ತದೆ. ಪಿಟಿಟಿ ಕೇಳಿದಾಗ ಚಾಟ್ ಸಾಫ್ಟ್‌ವೇರ್ ಇಲ್ಲೂ ಸಂಪರ್ಕ ಕಡಿದುಕೊಳ್ಳುತ್ತದಾ ಅಂತ ಮುಂದಿನ ವಾರ ಅವರ ಮನೆಯಲ್ಲಿ ನೋಡುತ್ತೇವೆ. ಡಮ್ಮಿ ಲೋಡ್ ನಾನು ತೆಗೆದುಕೊಂಡು ಹೋಗುತ್ತಿದ್ದೇನೆ. 100 ವ್ಯಾಟಿನ ರೇಡಿಯೋ ಅದು, 10 ವ್ಯಾಟಿಗೆ ಇಳಿಸಿಯೇ ಶುರು ಮಾಡಬೇಕು.